ಎರಡು ಈಡಿನ ನಡುವೆ

ನನ್ನ ಮನೆಯ ಗೋಡೆಯಲ್ಲಿ ಎರಡು ಮರದ ಗೂಟಗಳಿವೆ. ಅವುಗಳ ಮೇಲೆ ಈಗ ಏನೂ ಇಲ್ಲ. ಚುನಾವಣೆ ಬಂತೆಂದರೆ ನಮ್ಮ ಕಡೆಯ ಕೋವಿಗಳೆಲ್ಲ ಪೊಲೀಸ್ ಠಾಣೆ ಸೇರುತ್ತವೆ. ಮತ ಎಣಿಸಿ, ಗೆದ್ದವರು ಹಾರ ಹಾಕಿಸಿಕೊಂಡು, ಸೋತವರು ಜ್ವರ ಬಂದು ಮಲಗಿದ ಮೇಲೆ ವಾಪಸು ಬರುತ್ತವೆ. ಬೆಳೆ ಕಾಯಲೆಂದು ಲೈಸೆನ್ಸು ಪಡೆದ ನಮ್ಮಂಥ ಮುದುಕರು ಯಾವ ಪಕ್ಷಕ್ಕೂ ಗುರಿಯಿಡುವವರಲ್ಲ, ಇಟ್ಟರೂ ತಗಲುವುದಿಲ್ಲ. ಆದರೂ ನಿಯಮ ನಿಯಮವೇ. ಠಾಣೆಯ ಜಗಲಿಯಲ್ಲಿ ಸಾಲಾಗಿ ನಿಂತು, ಕೋವಿಯ ಕುತ್ತಿಗೆಗೆ ಚೀಟಿ ಕಟ್ಟಿಸಿ, ಮಗುವನ್ನು ಹಾಸ್ಟೆಲ್ಲಿಗೆ ಬಿಟ್ಟವರ ಹಾಗೆ ತಿರುಗಿ ನೋಡುತ್ತ ಹೊರಗೆ ಬಂದೆ.

ಮರುದಿನ ಬೆಳಿಗ್ಗೆ ಚಹಾ ಕುಡಿದು ಲೋಟ ತೊಳೆದಿಟ್ಟು, ಎಣ್ಣೆಬಟ್ಟೆ ಹಿಡಿದು ಗೋಡೆಯ ಹತ್ತಿರ ಹೋದೆ. ಚಹಾ ಆದಮೇಲೆ ಕೋವಿ ಒರೆಸುವುದು ನನ್ನ ಕ್ರಮ. ಕೈ ಮೇಲೆತ್ತಿದಾಗಲೇ ನೆನಪಾದದ್ದು. ಎತ್ತಿದ ಕೈಯನ್ನು ಸುಮ್ಮನೆ ಇಳಿಸುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಗೂಟಗಳನ್ನೇ ಒರೆಸಿದೆ. ಅವು ಈಗ ಫಳಫಳ ಹೊಳೆಯುತ್ತಿವೆ.

ನನ್ನನ್ನು ಕಾನಸೂರಿನಲ್ಲಿ ‘ಮಿಲ್ಟ್ರಿ ಹೆಗಡೇರು’ ಅನ್ನುತ್ತಾರೆ. ಹವಾಲ್ದಾರನಾಗಿ ನಿವೃತ್ತನಾದೆ, ಊರಿನ ಕೆಲವರು ಸುಬೇದಾರ ಎಂದೂ ಬಡ್ತಿ ಕೊಟ್ಟಿದ್ದಾರೆ. ಪಿಂಚಣಿ ಮಾತ್ರ ಅದಕ್ಕೆ ತಕ್ಕಂತೆ ಏರಲಿಲ್ಲ. ಊರಿನಿಂದ ಸ್ವಲ್ಪ ಹೊರಗೆ ನಾನೇ ಕಟ್ಟಿಸಿದ ಎರಡು ಕೋಣೆಯ ಮನೆ, ಮುಂದೆ ಒಂದು ಪಟ್ಟೆ ಗದ್ದೆ, ಒಂದಿಷ್ಟು ಬಾಳೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ ರಜೆ ಸಿಗಲಿಲ್ಲ ಎಂದು ಹೇಳುತ್ತ ಬಂದಿದ್ದೇನೆ. ಈಗ ರಜೆ ಬೇಕಾದಷ್ಟಿದೆ, ಕೇಳುವವರು ಕಡಿಮೆಯಾಗಿದ್ದಾರೆ. ಕಂಬಳಿಯನ್ನು ಇವತ್ತಿಗೂ ನಾಲ್ಕು ಮೂಲೆ ಸೇರಿಸಿಯೇ ಮಡಚುತ್ತೇನೆ. ತಪಾಸಣೆಗೆ ಬರುವ ಸಾಹೇಬರು ಯಾರೂ ಇಲ್ಲವೆಂಬುದು ಕಂಬಳಿಗೆ ಗೊತ್ತಿರಬೇಕಾಗಿಲ್ಲವಲ್ಲ.

ಮಾಂಸ ಮುಟ್ಟದವನ ಮನೆಯಲ್ಲಿ ಕೋವಿ ಎಂತಕ್ಕೆ ಎಂದು ನೀವು ಕೇಳಬಹುದು. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲೂ ಒಂದು ಕೋವಿ ಇತ್ತು. ಅಟ್ಟದ ಮೇಲೆ ಹಲಸಿನ ಹಪ್ಪಳದ ಡಬ್ಬಿಯ ಪಕ್ಕ ಅದು ಮಲಗಿರುತ್ತಿತ್ತು. ಅದರ ಯಜಮಾನ ನಮ್ಮ ದೊಡ್ಡಪ್ಪ. ಮಂಗಗಳು ಬಂದವೆಂದರೆ ಅವನು ಕೋವಿ ಇಳಿಸುತ್ತಿದ್ದ. ನಾವು ಮಕ್ಕಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಸಾಲಾಗಿ ಕೂರಬೇಕು. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಉದ್ದದ ಕಬ್ಬಿಣದ ಗಜದಿಂದ ಜಡಿದು, ಹಿಂದುಗಡೆ ಸಣ್ಣ ತಾಮ್ರದ ಕೇಪು ಕೂರಿಸಿ ಅವನು ಸಿದ್ಧನಾಗುವಷ್ಟರಲ್ಲಿ ಮಂಗಗಳು ತಿಂದು ಮುಗಿಸಿ, ಮಾಡಿನ ಮೇಲೆ ಕೂತು ಇವನನ್ನೇ ನೋಡುತ್ತಿದ್ದವು. ಢಮ್ ಎಂದ ಮೇಲೆ ಸೌಜನ್ಯಕ್ಕೆಂಬಂತೆ ಸ್ವಲ್ಪ ದೂರ ಹೋಗುತ್ತಿದ್ದವು. ಅಂಗಳದ ತುಂಬ ದೀಪಾವಳಿಯ ಮರುದಿನದ ವಾಸನೆ. ಸಿಡಿದು ಬಿದ್ದ ಕೇಪುಗಳನ್ನು ಹುಡುಕಿ ಬೆರಳ ತುದಿಗೆ ಸಿಕ್ಕಿಸಿಕೊಂಡು ನಾನೂ ಅಕ್ಕನೂ ರಾಕ್ಷಸರಾಗುತ್ತಿದ್ದೆವು.

ದೊಡ್ಡಪ್ಪ ಒಂದು ದಿನವೂ ಗುರಿ ತಪ್ಪಿತೆಂದು ಒಪ್ಪಿದವನಲ್ಲ. ‘ಈಡು ಸರಿ ಕೂತಿದ್ದಿಲ್ಲೆ’ ಅನ್ನುತ್ತಿದ್ದ. ಈಡು ಎಂದರೆ ಒಂದು ಸಲ ಹೊಡೆಯಲು ಕೋವಿಗೆ ತುಂಬುವ ಮದ್ದು, ಗುಂಡು, ನಡುವಿನ ಬಟ್ಟೆ ಅಥವಾ ನಾರು, ಎಲ್ಲ ಸೇರಿ. ಆ ಮಾತು ಮನೆಯ ಗಾದೆಯೇ ಆಗಿಹೋಯಿತು. ದೋಸೆ ಕಾವಲಿಗೆ ಹತ್ತಿದರೆ ಈಡು ಸರಿ ಕೂತಿಲ್ಲ. ನಾನು ಗಣಿತದಲ್ಲಿ ನಪಾಸಾದಾಗಲೂ ಈಡು ಸರಿ ಕೂತಿಲ್ಲ. ಅಕ್ಕನಿಗೆ ಬಂದ ಒಂದು ಸಂಬಂಧ ಮುರಿದಾಗ ಅಮ್ಮ ಒಲೆಯ ಮುಂದೆ ಕೂತು ಅದೇ ಮಾತನ್ನು ಬಹಳ ಮೆಲ್ಲಗೆ ಹೇಳಿದ್ದಳು. ಆ ದಿನ ಯಾರೂ ನಗಲಿಲ್ಲ.

ಆ ಮಾತಿನಲ್ಲಿ ಸತ್ಯವೂ ಇದೆಯೆಂದು ತಿಳಿದದ್ದು ನಾನೇ ಕೋವಿ ಇಟ್ಟುಕೊಂಡ ಮೇಲೆ. ಪಲಟಣದಲ್ಲಿ ನಮಗೆ ಕಾರ್ಖಾನೆಯ ಗುಂಡು ಕೊಡುತ್ತಿದ್ದರು, ಒಂದರಂತೆ ಇನ್ನೊಂದು. ತಪ್ಪಿದರೆ ತಪ್ಪು ನಮ್ಮದೇ. ಇಲ್ಲಿಯ ಕೋವಿಗೆ ಹಾಗಲ್ಲ. ಈಡನ್ನು ನಾವೇ ಕಟ್ಟಬೇಕು, ಮತ್ತು ಪ್ರತಿ ಕೋವಿಗೂ ಅದರದೇ ಈಡು. ಪಕ್ಕದ ಮನೆಯ ಕೋವಿಗೆ ಹೊಂದಿದ ಅಳತೆ ನಮ್ಮದಕ್ಕೆ ಆಗುವುದಿಲ್ಲ. ಉಪ್ಪಿನ ಕೈ ಮನೆಮನೆಗೆ ಬೇರೆ ಇರುವಂತೆ. ಕೋವಿಗೆ ಏನು ಬೇಕೆಂದು ಅದನ್ನೇ ಕೇಳಬೇಕು. ಅದು ಹಲಗೆಯ ಮೇಲೆ ತೂತು ಕೊರೆದು ಉತ್ತರ ಹೇಳುತ್ತದೆ.

ಉತ್ತರವನ್ನು ಓದಲು ಆ ತುದಿಯಲ್ಲಿ ಇನ್ನೊಬ್ಬ ಬೇಕು. ನನ್ನ ಹಳೆಯ ಕೋವಿಯ ಕಾಲದಲ್ಲಿ ಆ ಇನ್ನೊಬ್ಬರು ಮನ್ಮನೆ ಊರಿನ ಬಂಗಾರ್ಯ ನಾಯ್ಕರು. ಒಂದು ಸಲ ನನ್ನ ಗದ್ದೆ ನೆಡಲು ಆಳುಗಳನ್ನು ಕರೆದುಕೊಂಡು ಬಂದವರು, ಕೋವಿ ಕಂಡು, ‘ಇದು ಎಷ್ಟು ದೂರ ಹೊಡೀತದೆ?’ ಎಂದು ಕೇಳಿದರು. ಹೊಡೆದು ತೋರಿಸಿದೆ. ‘ದೂರ ಹೋತದೆ, ಹೌದು. ಎಲ್ಲಿಗೆ ಹೋತದೆ ಅಂತ ಅದಕ್ಕೂ ಗೊತ್ತಿಲ್ಲ’ ಎಂದರು. ನಮ್ಮ ಸ್ನೇಹ ಶುರುವಾದದ್ದು ಹಾಗೆ. ಆಮೇಲೆ ವರ್ಷಗಟ್ಟಲೆ, ಒಣ ಕಾಲದ ಭಾನುವಾರ ಬಂತೆಂದರೆ ಸಿದ್ದಾಪುರದ ಕಡೆಯಿಂದ ಬರುವ ಬಸ್ಸಿಗೆ ಅವರು ಬಂದಿಳಿಯುತ್ತಿದ್ದರು.

ನನ್ನ ಹಿತ್ತಿಲಿನಾಚೆ ಹಿಂದೆ ಯಾರೋ ಚಿರೆಕಲ್ಲು ಕಡಿದು ಬಿಟ್ಟ ಹೊಂಡವಿದೆ. ಮೂರು ಕಡೆ ಗೋಡೆಯಂತೆ ಕಡಿದಾದ ಎತ್ತರದ ಮಣ್ಣಿನ ಧರೆ. ಗುಂಡು ಅದನ್ನು ದಾಟಿ ಹೋಗುವ ಮಾತಿಲ್ಲ. ಧರೆಗೆ ಹಲಗೆ ಆನಿಸಿ, ಊಟದ ತಟ್ಟೆಯನ್ನು ಬೋರಲು ಹಾಕಿ ಇದ್ದಿಲಿನಲ್ಲಿ ದುಂಡಗೆ ಗೆರೆ ಎಳೆದರೆ ಗುರಿ ಸಿದ್ಧ. ನಾನು ಹಿತ್ತಿಲ ಕಲ್ಲುಬೆಂಚಿನ ಹತ್ತಿರ. ನಡುವೆ ಬಸ್‌ಸ್ಟಾಪಿನಿಂದ ಊರಿನ ಸೊಸೈಟಿಗೆ ಹೋಗುವಷ್ಟು, ನೂರು ಹೆಜ್ಜೆಯ ದಾರಿ. ಹೊಂಡದ ಬಲಮೂಲೆಯಲ್ಲಿ ಕಡಿಯದೆ ಉಳಿದ ಕಲ್ಲಿನ ಗೋಡೆಯೊಂದಿದೆ. ನಾಯ್ಕರು ಅದರ ಮರೆಯಲ್ಲಿ. ನಾನು ‘ಸಿದ್ಧಾ!’ ಎಂದು ಕೂಗಬೇಕು, ಅವರು ಒಳಗಿಂದ ‘ಹೋ!’ ಅನ್ನಬೇಕು, ಆಮೇಲೆ ಈಡು. ಹೊಡೆದು ಕೋವಿ ಕೆಳಗಿಟ್ಟೆನೆಂದು ಮತ್ತೆ ಕೂಗಿದ ಮೇಲೆ ಅವರು ಹೊರಬಂದು, ಗುಂಡು ಬಿದ್ದ ಕಡೆ ಕೋಲು ಹಿಡಿದು ತೋರಿಸುವರು. ಹಲಗೆಯ ಒಳಗೆ ಬಿದ್ದರೆ ಸುಮ್ಮನೆ ತೋರಿಸುತ್ತಿದ್ದರು. ಹೊರಗೆ ಬಿದ್ದರೆ ಮಾತ್ರ ಧರೆಯ ಮೇಲೆ ಕೋಲನ್ನು ಎರಡು ಮೂರು ಸಲ ಕುಟ್ಟಿ, ಊರಿಗೇ ಕಾಣುವಂತೆ ತೋರಿಸುತ್ತಿದ್ದರು.

ಒಂದು ಭಾನುವಾರ ನಾನು ಕೂಗಿದೆ, ‘ಹೋ’ ಬರಲಿಲ್ಲ. ಮತ್ತೆ ಕೂಗಿದೆ. ಇಲ್ಲ. ಕೋವಿಯನ್ನು ನೆಲಕ್ಕಿಟ್ಟು ಕಾದೆ. ಬಹಳ ಹೊತ್ತಿನ ಮೇಲೆ ಗೋಡೆಯ ಅಂಚಿನಿಂದ ನಾಯ್ಕರ ತಲೆ ಕಂಡಿತು. ಬಂದರು, ಕೈಕಾಲು ತೊಳೆದರು, ‘ಇವತ್ತಿಗೆ ಸಾಕು’ ಎಂದು ಎಲೆಯಡಿಕೆ ಚೀಲ ಹೆಗಲಿಗೆ ಹಾಕಿ ಹೊರಟರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮಗಳ ಬಾಣಂತನ ಎಂದು ಒಮ್ಮೆ, ಮೊಣಕಾಲು ಎಂದು ಒಮ್ಮೆ ಹೇಳಿ ಕಳಿಸಿದರು. ಸಿದ್ದಾಪುರದ ಸಂತೆಯಲ್ಲಿ ಸಿಕ್ಕಾಗ ಹಿಂದಿನಿಂದ ಕರೆದೆ, ತಿರುಗದೆ ಹೋದರು. ನನ್ನ ಯಾವ ಮಾತು ಅವರಿಗೆ ನಾಟಿತೋ ಎಂದು ತಿಂಗಳುಗಟ್ಟಲೆ ಹಿಂದಿನ ಮಾತುಗಳನ್ನೆಲ್ಲ ತಿರುವಿ ಹಾಕಿದೆ. ಮಾತು ಕಡಿಮೆ ಆಡುವವನಿಗೆ ಇದೊಂದು ಅನುಕೂಲ. ತಿರುವಿ ಹಾಕುವ ಕೆಲಸ ಬೇಗ ಮುಗಿಯುತ್ತದೆ.

ಹಳೆಯ ಕೋವಿಯೂ ಅದೇ ಕಾಲಕ್ಕೆ ಕೈಕೊಟ್ಟಿತು. ನಳಿಗೆಯ ಬುಡ ತುಕ್ಕು ತಿಂದಿತ್ತು. ಕಾಗದಪತ್ರವೆಲ್ಲ ಮುಗಿಸಿ, ಹುಬ್ಬಳ್ಳಿಯಿಂದ ಹೊಸದೊಂದು ತಂದೆ. ನಳಿಗೆ ಹಳೆಯದಕ್ಕಿಂತ ಗೇಣುದ್ದ ಹೆಚ್ಚು. ‘ದೂರದ ಗುರಿಗೆ ಇದು ಎತ್ತಿದ ಕೈ ನೋಡ್ರಿ’ ಎಂದು ಅಂಗಡಿಯವನು ಅದರ ಬೆನ್ನು ಸವರಿದ. ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ಕಂಡಕ್ಟರು ಬಂದು ಲೈಸೆನ್ಸು ನೋಡಿ, ‘ನಿಮ್ಮ ಮಗ್ಗಲಿಗೇ ಕುಂದರಿಸ್ಕೋರಿ, ಅಜ್ಜಾರ. ಇವತ್ತ ನಿಮ್ಮ ಸೀಟಿಗೆ ಯಾರೂ ಜಗಳಾ ಬರೂದಿಲ್ಲ’ ಎಂದ. ನಿಜ, ಯಾರೂ ಬರಲಿಲ್ಲ. ಯಲ್ಲಾಪುರದ ನಿಲ್ದಾಣದಲ್ಲಿ ಬಸ್ಸು ತುಂಬಿದಾಗಲೂ ನನ್ನ ಪಕ್ಕದ ಜಾಗ ಖಾಲಿಯೇ ಉಳಿಯಿತು. ಜನ ನಿಂತೇ ಬಂದರು. ಮೊಮ್ಮಗುವನ್ನು ಎತ್ತಿಕೊಂಡಿದ್ದ ಒಬ್ಬಾಕೆಗೆ ‘ಕೂತ್ಕೊಳ್ಳಿ’ ಎಂದೆ; ‘ಬ್ಯಾಡ್ರಿ, ಇಲ್ಲೇ ಇಳಿಯೋದು’ ಎಂದವಳು ಶಿರಸಿಯವರೆಗೂ ನಿಂತಿದ್ದಳು.

ಹೊಸ ಕೋವಿಗೆ ಈಡು ಹುಡುಕುವ ಕೆಲಸ ಶುರುವಾಯಿತು. ಹಳೆಯದರ ಅಳತೆಯನ್ನು ಇದು ಮೂಸಿಯೂ ನೋಡಲಿಲ್ಲ. ಒಂದು ಗುಂಡು ಹಲಗೆಯ ಮೇಲಂಚಿಗೆ, ಇನ್ನೊಂದು ಅದರ ಬುಡಕ್ಕೆ, ಮೂರನೆಯದು ಎಲ್ಲಿಗೆಂದು ಧರೆಯೇ ಹೇಳಬೇಕು. ಪಲಟಣದಲ್ಲಿ ಕಲಿಸಿದ ಪಾಠವೊಂದಿದೆ: ಒಂದು ಸಲಕ್ಕೆ ಒಂದನ್ನೇ ಬದಲಿಸು. ಮದ್ದು ಬದಲಿಸಿದ ದಿನ ಬಟ್ಟೆ ಬದಲಿಸಬೇಡ. ಬಟ್ಟೆ ಬದಲಿಸಿದ ದಿನ ಜಡಿಯುವ ಬಿಗಿ ಬದಲಿಸಬೇಡ. ಅವಸರದವರಿಗೆ ಇದು ಶಿಕ್ಷೆ. ನನಗೆ ಹೇಳಿ ಮಾಡಿಸಿದ ಕೆಲಸ. ತೆಂಗಿನ ನಾರು ಹಾಕಿ ನೋಡಿದೆ. ಗೋಣಿಚೀಲದ ತುಂಡು ಹಾಕಿದೆ. ಅದು ಉರಿಯುತ್ತ ಹೋಗಿ ಬಿದ್ದಲ್ಲಿ ಹುಲ್ಲಿಗೆ ಬೆಂಕಿ ಹತ್ತಿ, ತಂಬಿಗೆ ಹಿಡಿದು ಓಡಿದ ವೇಗವನ್ನು ಪಲಟಣದವರು ನೋಡಬೇಕಿತ್ತು. ಕಡೆಗೆ ಗೆದ್ದದ್ದು ನನ್ನ ಹಳೆಯ ಪಂಚೆ. ಒಗೆದು ಒಗೆದು ತೆಳ್ಳಗಾದ ಹತ್ತಿ ಬಟ್ಟೆಯನ್ನು ಗುಂಡಿಗೆ ಸುತ್ತಿದಾಗ ಕೋವಿ ಮೊದಲ ಬಾರಿಗೆ ಸಮಾಧಾನದ ದನಿ ತೆಗೆಯಿತು. ಗುರಿ ಸುಧಾರಿಸಿದ ಹಾಗೆಲ್ಲ ಪಂಚೆ ಮೊಣಕಾಲಿನತ್ತ ಏರುತ್ತ ಹೋಯಿತು.

ಆ ತುದಿಯಲ್ಲಿ ಯಾರೂ ಇರಲಿಲ್ಲವಲ್ಲ. ಹೀಗಾಗಿ ಒಂದು ಈಡು ಹೊಡೆಯುವುದು, ಒದ್ದೆ ಬಟ್ಟೆಯಿಂದ ನಳಿಗೆ ಒರೆಸಿ ಕೋವಿಯನ್ನು ಬೆಂಚಿಗೆ ಒರಗಿಸುವುದು, ನಡೆದು ಹೊಂಡಕ್ಕೆ ಹೋಗುವುದು, ತೂತು ನೋಡುವುದು, ಅದರ ಸುತ್ತ ಇದ್ದಿಲಿನ ಗುರುತು ಹಾಕುವುದು, ನಡೆದು ವಾಪಸು ಬರುವುದು. ಮತ್ತೊಂದು ಈಡು, ಮತ್ತೆ ನಡಿಗೆ. ದಾರಿಯ ನಡುವೆ ಒಂದು ಗೇರುಮರವಿದೆ. ಹೋಗುವಾಗ ಅದು ಎಡಕ್ಕೆ, ಬರುವಾಗ ಬಲಕ್ಕೆ. ಹೂ ಬಿಟ್ಟದ್ದನ್ನೂ ಹಣ್ಣಾದದ್ದನ್ನೂ ಹಾಗೆ ಹೋಗುತ್ತ ಬರುತ್ತ ನೋಡಿದೆ. ಹಣ್ಣು ಬಿದ್ದು ಕೊಳೆಯುತ್ತಿದ್ದವು. ಒಂದೆರಡು ಹೆಕ್ಕಿ ಚೀಪಿದರೆ ಗಂಟಲು ಕಟ್ಟುತ್ತದೆ, ಮಾತು ಹೊರಡುವುದಿಲ್ಲ. ಮಾತಾಡುವ ಪ್ರಸಂಗವೂ ಇರಲಿಲ್ಲವೆನ್ನಿ. ಅಭ್ಯಾಸಬಲದಿಂದ ‘ಸಿದ್ಧಾ!’ ಎಂದು ಒಂದು ಸಲ ಕೂಗಿದ್ದೆ. ಧರೆ ಅದನ್ನು ನನಗೇ ಹಿಂತಿರುಗಿಸಿತು. ಆಮೇಲೆ ಕೂಗುವುದನ್ನು ಬಿಟ್ಟೆ.

ಆ ಬೇಸಿಗೆಯ ಒಂದು ಬೆಳಿಗ್ಗೆ, ಹೊಡೆದ ಐದು ಈಡೂ ಅಂಗೈ ಅಗಲದೊಳಗೆ ಬಿದ್ದವು. ಹಲಗೆಯ ಮೇಲೆ ಕೈಯಿಟ್ಟು ನೋಡಿದೆ; ಐದೂ ಮುಚ್ಚಿಹೋದವು. ಕೈ ತೆಗೆದೆ, ಮತ್ತೆ ಇಟ್ಟೆ. ಹಳೆಯ ಕೋವಿಯಲ್ಲಿ ಇಷ್ಟು ದೂರಕ್ಕೆ ಇದರ ಅರ್ಧವೂ ಸಾಧ್ಯವಾಗಿರಲಿಲ್ಲ. ಹಲಗೆಯನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದು ಗೋಡೆಗೆ ಒರಗಿಸಿ ಎದುರಿಗೆ ಕೂತೆ. ಅನ್ನ ಬೆಂದ ವಾಸನೆ ಬಂದರೂ ಏಳಲಿಲ್ಲ. ನಂದೊಳ್ಳಿಯಲ್ಲಿರುವ ಅಕ್ಕನಿಗೆ ಫೋನು ಮಾಡಿ ಹೇಳಿದೆ: ಐದು ಈಡು, ಒಂದು ಅಂಗೈಯೊಳಗೆ.

‘ಅದಿರಲಿ, ಊಟಕ್ಕೆ ಎಂತ ಮಾಡ್ಕಂಡಿದ್ದೆ?’ ಎಂದಳು.

ಅನ್ನ, ತಂಬುಳಿ ಎಂದೆ.

‘ಬರೀ ತಂಬ್ಳಿಯಾ? ಪಲ್ಯ ಇಲ್ಲೆ?’

ಐದೂ ಅಂಗೈಯೊಳಗೆ ಎಂದು ಇನ್ನೊಮ್ಮೆ ಹೇಳಿದೆ.

‘ಕೇಳ್ತೋ ಮಾರಾಯ. ಅಂಗೈಗೆ ಎಂತಾದ್ರೂ ಪೆಟ್ಟಾತನ?’

ಇಲ್ಲ ಎಂದು ಫೋನಿಟ್ಟೆ. ಅವಳದೇನೂ ತಪ್ಪಿಲ್ಲ. ಬೆರಳಿಗೆ ಕೇಪು ಸಿಕ್ಕಿಸಿಕೊಂಡು ನನ್ನ ಜೊತೆ ರಾಕ್ಷಸಿಯಾದವಳು ಅವಳೊಬ್ಬಳೇ ಈಗ ಉಳಿದಿರುವುದು; ಅವಳ ಚಿಂತೆ ನನ್ನ ಪಲ್ಯದ್ದು. ಆದರೆ ಆ ಹಲಗೆಯನ್ನು ಯಾರಿಗಾದರೂ ತೋರಿಸದೆ ನಾನು ಊಟಕ್ಕೆ ಕೂರಲಾರದವನಾಗಿದ್ದೆ. ಯಾರಿಗಾದರೂ ಎಂದೆನಲ್ಲ, ಅದು ಸುಳ್ಳು. ಒಬ್ಬರಿಗೇ ತೋರಿಸಬೇಕಿತ್ತು.

ಮರುದಿನ ಹಲಗೆಯನ್ನು ಗೋಣಿಯಲ್ಲಿ ಸುತ್ತಿಕೊಂಡು ಮನ್ಮನೆಗೆ ಹೋದೆ. ನಾಯ್ಕರು ಅಂಗಳದಲ್ಲಿ ಕೂತು ತೆಂಗಿನ ಗರಿಯ ಹಿಡಿಕಡ್ಡಿ ಪೊರಕೆ ಕಟ್ಟುತ್ತಿದ್ದರು. ನಾನು ಬೇಲಿಬಾಗಿಲಿನ ದಣಪೆಯ ಹತ್ತಿರ ನಿಂತು ಕರೆದೆ, ತಲೆಯೆತ್ತಲಿಲ್ಲ. ಎದುರಿಗೆ ಹೋಗಿ ನಿಂತಾಗ ನನ್ನ ನೆರಳು ಕಡ್ಡಿಯ ಮೇಲೆ ಬಿತ್ತು. ಆಗ ನೋಡಿದರು, ಮುಖವೆಲ್ಲ ಅರಳಿತು. ‘ಹೆಗ್ಡೇರು! ಎಂತ, ಮನೆ ಮಾರಾಟಕ್ಕೆ ಹೊರ್ಟದ್ದಾ? ಬಾಗ್ಲು ಕಿತ್ಕಂಡೇ ಬಂದೀರಿ!’

ನಾನು ಹಲಗೆ ಬಿಚ್ಚಿ ಇಟ್ಟೆ. ಅವರು ಒಂದೊಂದು ತೂತಿಗೂ ಕಿರುಬೆರಳು ಹಾಕಿ ನೋಡಿದರು. ಹಲಗೆಯನ್ನು ತಿರುವಿ ಹಿಂದುಗಡೆಯಿಂದಲೂ ನೋಡಿದರು.

‘ಹೊಡ್ದವ್ರು ನೀವು?’

ತಲೆಯಾಡಿಸಿದೆ.

‘ಹಲಗೆ ಕಾದವ್ರು ಯಾರು?’

ಎದೆಯ ಮೇಲೆ ಕೈಯಿಟ್ಟು ನನ್ನನ್ನೇ ತೋರಿಸಿಕೊಂಡೆ.

‘ಚಲೋ ಆತು! ಪರೀಕ್ಷೆ ಬರ್ದವ್ರೂ ನೀವು, ತಿದ್ದಿದವ್ರೂ ನೀವು. ಇನ್ನೂ ಹತ್ರ ಹೋಗಿ ಹೊಡೀಬೇಕಾಗಿತ್ತು, ಐದೂ ಒಂದೇ ತೂತ್ನಲ್ಲಿ ಹೋತಿದ್ದೋ.’

ಅವರ ಸೊಸೆ ಕೊಟ್ಟ ಮುರುಗಲ ಪಾನಕ ನನ್ನ ಮೂಗಿಗೆ ಏರಿತು. ನಗು ತಡೆದು ಕೆಮ್ಮಿ ಕಣ್ಣೊರೆಸಿಕೊಂಡೆ. ಪಲಟಣದ ನಿಯಮವೂ ಅದೇ. ಆ ತುದಿಯವನು ಗುರುತು ತೋರಿಸುವವರೆಗೆ ಹೊಡೆದವನ ಈಡಿಗೆ ಲೆಕ್ಕವಿಲ್ಲ. ಹಲಗೆ ಹೊತ್ತು ಇಷ್ಟು ದೂರ ಬಂದರೂ ನನ್ನ ಐದು ಈಡು ಇನ್ನೂ ಲೆಕ್ಕಕ್ಕೇ ಸೇರಿರಲಿಲ್ಲ.

‘ನೀವು ಬನ್ನಿ, ನಾಯ್ಕ್ರೆ’ ಎಂದೆ, ಅವರ ಮುಖಕ್ಕೆ ಎದುರಾಗಿ.

ಅವರು ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡಿದರು. ‘ನಂಗೆ ಕಿವಿ ಹೋತು, ಹೆಗ್ಡೇರೆ. ಅವತ್ತು ಗೋಡೆ ಹಿಂದೆ ನಿಂತು ಕಾದೆ, ಕಾದೆ. ನೀವು ಕೂಗಿದ್ದು ಒಂದೂ ಕೇಳ್ಲಿಲ್ಲ. ಕೇಳದೇ ಇದ್ದವ ಅಲ್ಲಿ ನಿಲ್ಲೂದು ತಪ್ಪು. ನಿಮ್ಗೂ ಕಷ್ಟ, ನಂಗೂ ಕಷ್ಟ.’

ಯಾಕೆ ಹೇಳಲಿಲ್ಲ ಎಂದು ಕೈಸನ್ನೆಯಲ್ಲೇ ಕೇಳಿದೆ.

‘ಹೇಳಿದ್ರೆ ನೀವು ಇನ್ನೂ ದೊಡ್ಡಕೆ ಕೂಗ್ತಿದ್ರಿ. ಕಾನಸೂರ್ನೋರು ನಮ್ಮಿಬ್ರಿಗೆ ಜಗಳ ಅಂತಿದ್ರು.’

ಉಪಾಯ ನನ್ನ ತಲೆಯಲ್ಲಿ ಮೊದಲೇ ಇರಬೇಕಿತ್ತು. ಪಲಟಣದ ಗುರಿ ಮೈದಾನದಲ್ಲಿ ಯಾರೂ ಕೂಗುವುದಿಲ್ಲ. ಕೆಂಪು ಬಾವುಟವೇ ಮಾತು. ಬಾವುಟ ಮೇಲಿದ್ದರೆ ಕೋವಿ ನೆಲಕ್ಕೆ. ಬಾವುಟ ಇಳಿದರೆ ಮಾತ್ರ ಈಡು. ಕಣ್ಣಿದ್ದರೆ ಸಾಕು, ಕಿವಿ ಬೇಡ. ಕೋಲಿನಿಂದ ನೆಲದ ಮೇಲೆ ಚಿತ್ರ ಬರೆದು ತೋರಿಸಿದೆ. ನಾಯ್ಕರು ಒಳಗೆ ಹೋಗಿ ಸೊಸೆಯ ಹತ್ತಿರ ಏನೋ ವಾದ ಮಾಡಿ, ಕೆಂಪು ಬಟ್ಟೆಯ ಒಂದು ತುಂಡು ಹಿಡಿದು ಬಂದರು.

ಭಾನುವಾರ ಬಂದರು. ಹೊಸ ಹಲಗೆ, ಹೊಸ ಗೆರೆ, ಬಿದಿರು ಕೋಲಿಗೆ ಕೆಂಪು ಬಟ್ಟೆ. ಬಾವುಟ ಇಳಿಯಿತು, ಹೊಡೆದೆ. ಕೋವಿ ನೆಲಕ್ಕಿಟ್ಟು ಕೈ ಮೇಲೆತ್ತಿದೆ. ಬಾವುಟ ಏರಿತು, ನಾಯ್ಕರ ಕೋಲು ನಡುಮಧ್ಯಕ್ಕೆ ತಾಗಿತು. ಎರಡನೆಯದೂ ಪರವಾಗಿಲ್ಲ. ಮೂರನೆಯದು ಬಲಕ್ಕೆ ಹೋಯಿತು. ನಾಲ್ಕನೆಯದು ಹಲಗೆಯ ಮೂಲೆ. ಐದನೆಯದಕ್ಕೆ ನಾಯ್ಕರು ಹಲಗೆಯನ್ನು ಬಿಟ್ಟು ದೂರ ನಡೆದು, ಧರೆಯ ಮೇಲೆ ಒಂದು ಜಾಗ ಹುಡುಕಿ, ಹಳೆಯ ಉತ್ಸಾಹದಿಂದ ಕೋಲು ಕುಟ್ಟಿದರು. ಹೊಸ ಹಲಗೆಯ ಮೇಲೆ ಕೈಯಿಟ್ಟರೆ ಮುಚ್ಚುವ ಮಾತಿರಲಿ, ಊಟದ ತಟ್ಟೆ ಇಟ್ಟರೂ ಹೊರಗೆ ಉಳಿಯುವವು ಇದ್ದವು.

ಅವರು ನಿಧಾನವಾಗಿ ನಡೆದು ಬಂದು ಬೆಂಚಿನ ಮೇಲೆ ಕೂತರು. ‘ಆ ಹಲಗೆ ಎಲ್ಲಿ ಕೊಂಡ್ರಿ, ಹೆಗ್ಡೇರೆ? ನಂಗೂ ಒಂದು ತರ್ಸಿಕೊಡಿ.’

ಅದೇ ಮದ್ದು, ಅದೇ ಪಂಚೆ, ಅದೇ ಬಿಗಿ. ಏನೂ ಬದಲಿಸಿರಲಿಲ್ಲ. ದೊಡ್ಡಪ್ಪನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೋವಿಯನ್ನು ಒರೆಸಲೆಂದು ನಳಿಗೆಗೆ ಕೈ ಹಾಕಿದೆ. ಬೆಚ್ಚಗಿತ್ತು. ಕೈ ಸುಡುವಷ್ಟಲ್ಲ, ಆಗಷ್ಟೇ ಹಾಲು ಕರೆದ ತಂಬಿಗೆಯ ಹಾಗೆ. ಒಳಗೆ ಒದ್ದೆ ಬಟ್ಟೆಯ ತೇವವೂ ಆರಿರಲಿಲ್ಲ.

ಆಗ ತಿಳಿಯಿತು. ಒಂದನ್ನು ಬದಲಿಸಿದ್ದೆ. ಒಬ್ಬನೇ ಇದ್ದಾಗ ಪ್ರತಿ ಈಡಿಗೂ ಹೊಂಡಕ್ಕೆ ಹೋಗಿ ಬರುತ್ತಿದ್ದೆನಲ್ಲ. ಅಷ್ಟು ಹೊತ್ತಿಗೆ ನಳಿಗೆ ತಣಿದು, ತೇವ ಆರಿ, ಕೋವಿ ಮೊದಲಿನಂತಾಗಿ ಕಾದಿರುತ್ತಿತ್ತು. ಈಗ ಆ ತುದಿಯಲ್ಲಿ ನಾಯ್ಕರಿದ್ದರು, ನಡೆಯುವ ಕೆಲಸವಿರಲಿಲ್ಲ, ಸಂಭ್ರಮದಲ್ಲಿ ಒಂದರ ಹಿಂದೆ ಒಂದು ಹೊಡೆದಿದ್ದೆ. ಅಷ್ಟು ದಿನ ಕಷ್ಟಪಟ್ಟು ಹುಡುಕಿದ ಈಡಿನಲ್ಲಿ ಮದ್ದು, ಗುಂಡು, ಪಂಚೆಯ ಜೊತೆಗೆ ನಾಲ್ಕನೆಯದೊಂದು ಸೇರಿಕೊಂಡಿತ್ತು. ಗೇರುಮರವನ್ನು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಬಿಟ್ಟು, ಯಾರೊಡನೆಯೂ ಮಾತಿಲ್ಲದೆ ನಡೆದ ಆ ನಡಿಗೆ. ಅದನ್ನು ನಾನು ಅಳೆದಿರಲಿಲ್ಲ.

ನಾಯ್ಕರ ಕೈ ಹಿಡಿದು ನಳಿಗೆಯ ಮೇಲಿಟ್ಟೆ. ನಡೆದು ಹೋಗಿ ಬರುವುದನ್ನು ಎರಡು ಬೆರಳಿನಲ್ಲಿ ಅಭಿನಯಿಸಿ ತೋರಿಸಿದೆ. ಅವರು ಅರ್ಥ ಮಾಡಿಕೊಂಡು ಬಾಯ್ತುಂಬ ನಕ್ಕರು.

‘ಕೋವಿ ಥೇಟ್ ನಿಮ್ಮ ಹಂಗೇ. ಒಬ್ಬನೇ ಇದ್ರೆ ಶಿಸ್ತು. ಯಾರಾದ್ರೂ ಬಂದ್ರೆ ತಡಬಡ.’

ನಾನು ನಗಲಿಲ್ಲ. ಆಮೇಲೆ ನಕ್ಕೆ.

‘ಹಂಗಾದ್ರೆ ನಡುವೆ ಒಂದೊಂದು ಎಲೆ ಹಾಕುವ’ ಎಂದರು. ಅವತ್ತಿನಿಂದ ಕ್ರಮ ಬದಲಾಯಿತು. ಈಡು ಹೊಡೆದು, ಕೋವಿ ಒರೆಸಿ ಒರಗಿಸಿ, ನಾನು ಈ ಕಡೆಯಿಂದ ಹೊರಡುತ್ತೇನೆ. ಬಾವುಟ ಏರಿಸಿ, ಗುರುತು ಹಾಕಿ, ಅವರು ಆ ಕಡೆಯಿಂದ ಹೊರಡುತ್ತಾರೆ. ಗೇರುಮರದ ಬುಡದಲ್ಲಿ ಇಬ್ಬರೂ ಕೂತು ಎಲೆಗೆ ಸುಣ್ಣ ಹಚ್ಚುತ್ತೇವೆ. ಅವರು ಮಾತಾಡುತ್ತಾರೆ, ನಾನು ಕೈ ಆಡಿಸುತ್ತೇನೆ. ನಳಿಗೆ ತಣಿಯಲು ಅಷ್ಟು ಹೊತ್ತು ಬೇಡ. ತಣಿದು ಮಂಜುಗಡ್ಡೆಯಾದರೂ ನಾವು ಏಳುವುದಿಲ್ಲ. ಇಡೀ ಬೆಳಿಗ್ಗೆಗೆ ಮೂರು ಈಡು ಆದರೆ ಹೆಚ್ಚು. ಗುರಿ ಹೇಗಿದೆ ಎಂದು ನೀವು ಕೇಳಿದರೆ, ಮೂರು ಈಡಿನಿಂದ ಏನನ್ನೂ ನಿರ್ಧರಿಸಲಾಗದು ಎಂಬುದು ಪಲಟಣದ ಪಾಠ.

ಇಷ್ಟರಲ್ಲೇ ಚುನಾವಣೆ ಬಂತು, ಕೋವಿ ಠಾಣೆಗೆ ಹೋಯಿತು. ನಾಯ್ಕರಿಗೆ ಹೇಳಿ ಕಳಿಸಲು ಆಗಲಿಲ್ಲ. ಕಿವಿ ಕೇಳದವರಿಗೆ ಫೋನು ಮಾಡಿ ಪ್ರಯೋಜನವಿಲ್ಲ. ಸೊಸೆಗೆ ಮಾಡಿ ‘ಕೋವಿ ಇಲ್ಲ, ಬರುವುದು ಬೇಡ’ ಎನ್ನಬಹುದಿತ್ತು. ‘ಕೋವಿ ಇಲ್ಲ, ಆದರೂ ಬರಲಿ’ ಎಂದೂ ಅನ್ನಬಹುದಿತ್ತು. ಎರಡನೆಯದನ್ನು ಹೇಳಿ ಅಭ್ಯಾಸವಿಲ್ಲದ ಬಾಯಿ ಇದು. ಫೋನನ್ನು ಕೈಗೆತ್ತಿಕೊಂಡು ಮತ್ತೆ ಇಟ್ಟೆ. ಕೋವಿಯಿಲ್ಲದ ಮೇಲೆ ಹಲಗೆ ಕಾಯುವವರಿಗೆ ಇಲ್ಲೇನು ಕೆಲಸ? ಇಷ್ಟು ವರ್ಷ ಅವರು ಬಂದದ್ದು ಈಡಿಗೋ ನನಗೋ ಎಂಬ ಪ್ರಶ್ನೆಯನ್ನು ಗೂಟಗಳನ್ನು ಒರೆಸುತ್ತಲೇ ಕೇಳಿಕೊಂಡೆ. ಅವು ಉತ್ತರ ಹೇಳುವ ಜಾತಿಯವಲ್ಲ.

ಭಾನುವಾರ ಬೆಳಿಗ್ಗೆ ಯಥಾಪ್ರಕಾರ ಅಂ‌ಗಳ ಗುಡಿಸಿ, ಸ್ನಾನ ಮುಗಿಸಿ, ಪಂಚೆ ಉಟ್ಟು, ಉಳಿದ ಅರ್ಧ ಪಂಚೆಯೇ ಅನ್ನಿ, ಜಗಲಿಯಲ್ಲಿ ಕೂತೆ. ಬಸ್ಸು ತಿರುವಿನಲ್ಲಿ ಹಾರ್ನು ಹಾಕಿತು. ನಿಂತಿತು. ಹೊರಟುಹೋಯಿತು. ರಸ್ತೆಯಿಂದ ಮನೆಯ ಕಡೆ ಬರುವ ಹಾದಿಯಲ್ಲಿ ಯಾರೂ ಕಾಣಲಿಲ್ಲ. ಬಸ್ಸಿನ ಧೂಳು ಅಡಗುವವರೆಗೆ ನೋಡಿದೆ. ಆಮೇಲೆ ಎದ್ದು ಒಳಗೆ ಬಂದು, ಚಹಾಕ್ಕೆ ಇಟ್ಟಿದ್ದ ಎರಡು ಲೋಟಗಳಲ್ಲಿ ಒಂದನ್ನು ಮತ್ತೆ ಬೋರಲು ಹಾಕಿದೆ.

ಬೋರಲು ಹಾಕುವಾಗ ಅಡುಗೆಮನೆಯ ಕಿಟಕಿಯಿಂದ ಹೊಂಡದ ಕಡೆ ಕಣ್ಣು ಹೋಯಿತು. ಧರೆಯ ಮುಂದೆ ಏನೋ ಕೆಂಪಗೆ ಆಡುತ್ತಿತ್ತು. ಬಾವುಟ ಮೇಲೇರಿತ್ತು.

ಹಿಂದಿನ ಸ್ಟಾಪಿನಲ್ಲೇ ಇಳಿದು ಹೊಂಡದ ಕಾಲುದಾರಿ ಹಿಡಿದು ಬಂದಿದ್ದರು. ನಾನು ಎಣ್ಣೆಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಹೊರಟೆ. ಗೇರುಮರದ ಹತ್ತಿರ ಇಬ್ಬರೂ ಒಟ್ಟಿಗೇ ತಲುಪಿದೆವು. ನಾನು ಖಾಲಿ ಕೈಗಳನ್ನು ತೋರಿಸಿ, ಠಾಣೆಯ ದಿಕ್ಕಿಗೆ ಬೊಟ್ಟು ಮಾಡಿದೆ.

‘ಗೊತ್ತು, ಗೊತ್ತು. ಪೇಟೇಲಿ ಠಾಣೆ ಮುಂದೆ ಸಾಲು ಕಂಡೆ’ ಎಂದು ನಾಯ್ಕರು ಬುಡದ ಕಲ್ಲಿನ ಮೇಲೆ ಕೂತು ಚೀಲ ಬಿಚ್ಚಿದರು. ‘ಅದ್ಕೇ ಧೈರ್ಯ ಮಾಡಿ ಬಂದೆ. ಇವತ್ತೊಂದಿನ ನಿಮ್ಮ ಗುರಿ ತಪ್ಪೂದಿಲ್ಲ.’

ಒಳ್ಳೆಯ ಎಲೆ ನೋಡಿ ಆರಿಸಿ, ಅದರ ಬೆನ್ನಿಗೆ ಸುಣ್ಣ ಹಚ್ಚಿ ನನ್ನ ಕೈಗಿಟ್ಟರು. ಬಾವುಟವನ್ನು ಇಳಿಸಲು ಇಬ್ಬರಿಗೂ ನೆನಪಾಗಲಿಲ್ಲ.